ಅಳತೆಯ ಜಗ್ಗು

ಬಚ್ಚಲಿನಿಂದ ಹೊರಬಂದ ಕನಕರಾಜ, ಉಚ್ಚೆ ಅಳೆಯುವ ಜಗ್ಗನ್ನು ಹೆಂಡತಿಯ ಕೈಗಿಟ್ಟು, "ನೋಡು, ನಿನ್ನ ಕಿಡ್ನಿ ಇವತ್ತೂ ಜೋರ್ ಕೆಲ್ಸ ಮಾಡೇತಿ" ಎಂದು ನಕ್ಕ. ತವರಿನವರು ಬೇಡವೆಂದು ಮಾತು ಬಿಟ್ಟರೂ ಗಂಡನಿಗೆ ಕಿಡ್ನಿ ಕೊಟ್ಟವಳು ಶೇಖಮ್ಮ. ಆಪರೇಷನ್ ಆದಾಗಿನಿಂದ, ಬೆಳಿಗ್ಗೆ ಆ ಜಗ್ಗಿನ ಬಿಸಿ ಅಂಗೈಗೆ ತಾಗಿದ ಮೇಲೆಯೇ ಅವಳ ಗಂಟಲಲ್ಲಿ ಚಹಾ ಇಳಿಯುತ್ತಿತ್ತು.

ಇವತ್ತು ಹಂಡೆಯ ಒಲೆ ಹೊತ್ತಿರಲಿಲ್ಲ; ಜಗ್ಗು ತಣ್ಣಗಿತ್ತು.

ಶೇಖಮ್ಮ ಜಗ್ಗನ್ನು ಕೆಳಗಿಟ್ಟು, ಬಗ್ಗಿ, ಗಂಡನ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ನೀರು ಬೆರಸೀರೇನ್ರೀ? ಯಾವಾಗಿಂದ?"

ಕನಕರಾಜ ಗೋಡೆ ಹಿಡಿದು ಕೂತ.

"ಹೋದ ಅಮಾಸಿಗೆ ತುರ್ವಿಹಾಳದಿಂದ ನಿಮ್ಮವ್ವ ಬಂದಿದ್ಲಲ್ಲ, ಸಿಟ್ಟು ಬಿಟ್ಟು, ನಿನಗ ಉಡಿ ತುಂಬಾಕ... ಅವತ್ತು ಹೇಳಾಕ ಬಾಯಿ ಬರಲಿಲ್ಲ. ಅವತ್ತಿಂದ."