ಹೇಳಿಕೊಡದೇ ಬಿಟ್ಟ ಹದಿನೈದನೇ ಸ್ಟೆಪ್

ಸಾಫ್ಟ್‌ವೇರ್ ಕಂಪನಿ ಕೆಲಸ ಅಂದ್ರೆ ಜನಕ್ಕೆ ಏಸಿ, ಕ್ಯಾಬ್, ಇನ್ಶೂರೆನ್ಸ್ ಅಷ್ಟೇ ಕಾಣೋದು... ಒಳಗಿನ ಪುಕಪುಕ ಒಳಗಿರೋರಿಗೇ ಗೊತ್ತು.

ವಾರಿಜಾ ಬೆಂಗಳೂರಿನ ಅಂಥದ್ದೊಂದು ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಳು. ಒಂದು ಕೊರಿಯರ್ ಸಂಸ್ಥೆಯ ಸಾಫ್ಟ್‌ವೇರ್ ನಿಂತುಹೋದ್ರೆ ಅದನ್ನು ಮತ್ತೆ ಎಬ್ಬಿಸೋದು ಅವಳೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ಮ್ಯಾನೇಜರ್ ಮುರಳೀಧರ್ ಕರೆದು, "ಹೊಸದಾಗಿ ಬಂದಿದ್ದಾರಲ್ಲ ಐರಿನ್, ಅವರಿಗೆ ಕೆ.ಟಿ. ಕೊಟ್ಬಿಡಿ ಮೇಡಂ. ಈ ತಿಂಗಳಲ್ಲೇ ಮುಗೀಲಿ" ಅಂದರು.

ಯಾಕೆ ಅಂತ ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಕೆ.ಟಿ. ಅಂದ್ರೆ ನಮ್ಮ ಕೆಲಸವನ್ನೆಲ್ಲ ಇನ್ನೊಬ್ಬರಿಗೆ ಹೇಳಿಕೊಡೋದು. ಆ ಎರಡಕ್ಷರ ಕೇಳಿದ್ರೆ ಸಾಕು, ಎಂಥವರಿಗೂ ಎದೆ ಧಸಕ್ ಅನ್ನುತ್ತೆ...

ಪಕ್ಕದ ಟೀಮಿನ ಸದಾನಂದ ನಗ್‌ನಗ್ತಾನೇ ಕೆ.ಟಿ. ಕೊಟ್ಟಿದ್ದ. ಮುಂದಿನ ತಿಂಗಳು ಅವನ ಐಡಿ ಕಾರ್ಡಿಗೆ ಗೇಟೇ ತೆರೆಯಲಿಲ್ಲ.

ಕೆಲಸ ಹೋದ್ರೆ ಇನ್ಶೂರೆನ್ಸೂ ಹೋಗುತ್ತೆ. ಅಮ್ಮನ ಹಾರ್ಟ್ ಆಪರೇಷನ್ ಅದರಲ್ಲೇ ಆಗಬೇಕಿತ್ತು.

ಅವತ್ತಿಂದ ವಾರಿಜಾಗೆ ಎಲ್ಲದರಲ್ಲೂ ಅನುಮಾನ. ಐರಿನ್ ಕಾಫಿ ತಂದುಕೊಟ್ರೆ ಅನುಮಾನ. "ಅಕ್ಕಾ, ಅಮ್ಮನ ಆಪರೇಷನ್ ಯಾವತ್ತು?" ಅಂತ ಕೇಳಿದ್ರೂ ಅನುಮಾನ... ನಾನು ರಜೆ ಹಾಕೋದನ್ನೇ ಕಾಯ್ತಿದ್ದಾಳೆ ಇವಳು, ಸೀಟು ಹಿಡಿಯೋಕೆ.

ಸಾಫ್ಟ್‌ವೇರ್ ಎಬ್ಬಿಸೋಕೆ ಒಟ್ಟು ಹದಿನೈದು ಸ್ಟೆಪ್ ಇತ್ತು. ವಾರಿಜಾ ಹದಿನಾಲ್ಕು ಹೇಳಿಕೊಟ್ಟಳು. ಕೊನೇದನ್ನು ತನ್ನಲ್ಲೇ ಇಟ್ಕೊಂಡಳು... ನಾಳೆ ನನ್ನ ತೆಗೆದುಹಾಕಿದ್ರೆ ಆಗ ಗೊತ್ತಾಗುತ್ತೆ ಇವರಿಗೆ ಅಂತ.

ಆಪರೇಷನ್ ದಿನ... ಸ್ಟ್ರೆಚರ್ ಮೇಲೆ ಮಲಗಿದ್ದ ಅಮ್ಮ ಅವಳ ಕೈ ಹಿಡಿದು, "ಒಳಗೆ ಕರ್ಕೊಂಡು ಹೋಗೋ ತನಕ ಇಲ್ಲೇ ಇರೇ. ಭಯ ಆಗುತ್ತೆ" ಅಂದರು.

ಅಷ್ಟರಲ್ಲಿ ಫೋನ್ ಬಂತು. ಐರಿನ್. ಸಾಫ್ಟ್‌ವೇರ್ ನಿಂತುಹೋಗಿತ್ತು.

"ತಪ್ಪು ತಿಳ್ಕೋಬೇಡಿ ಅಕ್ಕಾ... ಇವತ್ತೊಂದು ದಿನ ನಿಮಗೆ ಆಫೀಸಿಂದ ಫೋನ್ ಬರಬಾರದು ಅಂತಲೇ ಸರ್ ಹತ್ರ ಕೇಳ್ಕೊಂಡು ಇದನ್ನ ಕಲಿತಿದ್ದು. ಹದಿನಾಲ್ಕೂ ಮಾಡಿದೆ, ಏಳ್ತಾನೇ ಇಲ್ಲ. ನಾನೇ ಏನೋ ಬರ್ಕೊಳ್ಳೋದು ಬಿಟ್ಟಿದ್ದೀನಿ ಅನ್ಸುತ್ತೆ..."



ವಾರಿಜಾ ಅಮ್ಮನ ಕೈ ಬಿಡಿಸಿಕೊಂಡು ಕಾರಿಡಾರ್ ತುದಿಗೆ ಹೋದಳು. ಹದಿನೈದನೇ ಸ್ಟೆಪ್ ಹೇಳಿ ತಿರುಗಿ ನೋಡಿದ್ರೆ... ಸ್ಟ್ರೆಚರ್ ಇಲ್ಲ. ಬಾಗಿಲು ಮುಚ್ಚಿತ್ತು.

ದೇವರು ದೊಡ್ಡವನು, ಅಮ್ಮ ಉಳಿದರು. ಮಾರನೇ ದಿನ ಕಣ್ಣು ಬಿಟ್ಟವರು ಕೇಳಿದ್ದು ಒಂದೇ.

"ಬಾಗಿಲ ತನಕ ನಿನ್ನನ್ನೇ ಹುಡುಕ್ತಿದ್ದೆ ಕಣೇ... ಎಲ್ಲಿಗೆ ಹೋಗಿದ್ದೆ?"

ವಾರಿಜಾ ಆ ಕೈಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕುರ್ಚಿ ಉಳಿಸ್ಕೊಳ್ಳೋಕೆ ಮುಚ್ಚಿಟ್ಟ ವಿದ್ಯೆ, ನಮ್ಮನ್ನೇ ಆ ಕುರ್ಚಿಗೆ ಕಟ್ಟಿಹಾಕುತ್ತೆ.

ನೀವು ಯಾರಿಗೂ ಹೇಳಿಕೊಡದೆ ಇಟ್ಕೊಂಡಿರೋ ಆ ಒಂದು ಸ್ಟೆಪ್ ಯಾವುದು?