ರೇಣವ್ವ ಹೇಳಿದ ಸಾಕ್ಷಿ

"ಇವನ ಮಾರೀನ ನಾ ನೋಡಿಲ್ಲರಿ ಸಾಹೇಬ್ರ," ಎಂದಳು ರೇಣವ್ವ.

ರಜೆಗೆ ಊರಿಗೆ ಬಂದಿದ್ದ ಸೈನಿಕ ಯುವರಾಜನಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆಯಷ್ಟೇ ಈ ಮುದುಕಿಯನ್ನು ಮಲಪ್ರಭೆಯ ಸೆಳವಿನಿಂದ ತುರುಬು ಹಿಡಿದು ಎಳೆದು ತಂದಿದ್ದ. ಅವಳ ಮಗ ಬೀರಲಿಂಗನನ್ನೂ, ಸೊಸೆ ಸವಿತಾಳನ್ನೂ ಉಳಿಸಿದ್ದ. ಈಗ ಮೂವರೂ ಠಾಣೆಯ ಬೆಂಚಿನ ಮೇಲೆ ಕೂತು, ಇವನ್ಯಾವನೋ ಎಂಬಂತೆ ನೆಲ ನೋಡುತ್ತಿದ್ದಾರೆ.

ನಿನ್ನೆಗೆ ಅವನ ರಜೆ ಮುಗಿದಿತ್ತು. ಬಾಗಲಕೋಟೆಯಿಂದ ಸಂಜೆಯ ರೈಲು. ಹೊರಡುವ ಮುಂಚೆ ಶಿವಯೋಗ ಮಂದಿರಕ್ಕೆ ಕೈಮುಗಿದು ಬರೋಣವೆಂದು ಹೋದವನಿಗೆ ಹೊಳೆಯ ಕಡೆಯಿಂದ ಚೀರಾಟ ಕೇಳಿತು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈತೊಳೆಯಲು ಇಳಿದವರನ್ನು ಏಕಾಏಕಿ ಏರಿದ ನೀರು ಎಳೆದುಕೊಂಡಿತ್ತು. ಬೂಟನ್ನೂ ಬಿಚ್ಚದೆ ಹಾರಿದ. ಒಂದಲ್ಲ, ಮೂರು ಸಲ. ದಂಡೆಯ ಮೇಲಿದ್ದ ಪರಊರ ಯಾತ್ರಿಕರೋ, ಮೊಬೈಲ್ ಹಿಡಿದು ನಿಂತಿದ್ದರು.

"ವಿಡಿಯೋ ಅಳಿಸ್ರಿ. ನಾ ಫೌಜಿನ್ಯಾಂವ. ಇದು ಹೊರಗ ಬಂದ್ರ ನನ್ನ ನೌಕರಿಗೆ ಕುತ್ತು," ಎಂದು ದಂಡೆಯಲ್ಲಿ ಏದುಸಿರು ಬಿಡುತ್ತಿದ್ದ ಆ ಮೂವರ ಎದುರಿಗೇ ಗದರಿಸಿ, ಒಂದೂ ಬಿಡದಂತೆ ಅಳಿಸಿ ಹಾಕಿಸಿದ್ದ. ತನ್ನ ಚಿತ್ರ ಊರೆಲ್ಲ ಹರಿದಾಡಿದರೆ ಫೌಜಿನಲ್ಲಿ ಕೇಳುತ್ತಾರೆ.

ಅಷ್ಟರಲ್ಲಿ ರೈಲು ಹೋಗಿತ್ತು. ಫೌಜಿನ ಸುಬೇದಾರರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು. ನಡೆದದ್ದನ್ನು ಪೊಲೀಸರಿಂದ ಬರೆಸಿ ಕಳಿಸು, ಇಲ್ಲದಿದ್ದರೆ ಶಿಕ್ಷೆ; ಈ ಸಲದ ಬಡ್ತಿಯನ್ನೂ ಮರೆತುಬಿಡು.

ಯಾತ್ರಿಕರು ಆಗಲೇ ಚದುರಿಹೋಗಿದ್ದರು; ಅದಕ್ಕೇ ಠಾಣೆಯ ಹವಾಲ್ದಾರ ಹನಮಂತಪ್ಪ ಇವರನ್ನು ಕರೆಸಿದ್ದು. ಕರೆಸುವ ಮುಂಚೆ ಯುವರಾಜನಿಗೆ ಹೇಳಿದ್ದ: "ಕೇಳಾಂವ ನಾ. ನೀ ಬಾಯಿ ಬಿಟ್ಟರ ಸಾಕ್ಷಿ ಕಲಿಸಿಕೊಟ್ಟಂಗ ಆಗ್ತದ." ಹಾಗಾಗಿ ಇಬ್ಬರು ಪೇದೆಗಳ ನಡುವೆ ತುಟಿ ಕಚ್ಚಿಕೊಂಡು ಕೂತಿದ್ದ.

"ಮತ್ತ ದಂಡಿಗೆ ಹೆಂಗ ಬಂದ್ರಿ?" ಹನಮಂತಪ್ಪ ಕೇಳಿದ.

"ಕುರಿ ಬಾಲ ಹಿಡಕೊಂಡು ಬಂದ್ವಿರಿ," ಎಂದ ಬೀರಲಿಂಗ. ಸವಿತಾ ಹೌದೆಂದು ತಲೆಯಾಡಿಸಿದಳು.

"ಖರೆ ಹೇಳಬೇ ಯವ್ವಾ. ಈ ಫೌಜಿ ನೀರಿಗೆ ಹಾರಿದ್ನೋ ಇಲ್ಲೋ?"

ರೇಣವ್ವ ಯುವರಾಜನ ಕೆಂಪಗಾದ ಮುಖವನ್ನೊಮ್ಮೆ ನೋಡಿದಳು. ಸೊಂಟದ ಚೀಲದಿಂದ ದೇವರ ಅರಿಸಿನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡಳು. "ಬೀರಪ್ಪನ ಆಣಿ. ಇಲ್ಲ."

ಅಲ್ಲಿಗೆ ಮುಗಿಯಿತು. ಭಂಡಾರ ಹಚ್ಚಿಕೊಂಡು ಕುಲದೇವರು ಬೀರಪ್ಪನ ಮೇಲೆ ಸುಳ್ಳಾಡಿದ ಕುರುಬರನ್ನು ಹನಮಂತಪ್ಪ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಅವರನ್ನು ಹೊರಗೆ ಕಳಿಸಿದ. ಯುವರಾಜ ಬೇಡಿದ, ಮೇಜು ಗುದ್ದಿದ, ಏನೂ ನಡೆಯಲಿಲ್ಲ. ಹನಮಂತಪ್ಪ 'ಘಟನೆಗೆ ಆಧಾರವಿಲ್ಲ' ಎಂದು ಬರೆದು, ಠಸ್ಸೆ ಒತ್ತಿ, ಸುಬೇದಾರರ ನಂಬರಿಗೆ ಕಳಿಸಿಯೂ ಬಿಟ್ಟ.

ಯುವರಾಜ ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕುಸಿದ. ಇಂಥ ಉಪಕಾರಗೇಡಿ ಮಂದಿಗಾಗಿ ಹತ್ತು ವರ್ಷದ ಸೇವೆಗೆ ಮಸಿ ಬಳಿದುಕೊಂಡೆನಲ್ಲ ಎಂದುಕೊಂಡ.

ರೇಣವ್ವ ಅತ್ತಿತ್ತ ನೋಡಿ ಹತ್ತಿರ ಬಂದಳು. ಅವನ ಕೆನ್ನೆ ಸವರಿ ಲಟಿಕೆ ಮುರಿದು, ಪಿಸುಗುಟ್ಟಿದಳು:

"ಅಂಜಬ್ಯಾಡ ನನ್ನಪ್ಪಾ. ಸುಳ್ಳಾಣಿ ಪಾಪ ನನಗಿರಲಿ, ಬೀರಪ್ಪಗ ತಪ್ಪು ಕಾಣಿಕಿ ಹಾಕ್ತೇನಿ. ನೀ ನಮ್ಮ ಜೀವ ಉಳಿಸಿದಿ, ನಾವು ನಿನ್ನ ನೌಕರಿ ಉಳಿಸಿದ್ವಿ."