ನಾಲ್ಕೇ ಸೆಕೆಂಡು

ಇವತ್ತೂ ಹಾತಿಮ್‌ನನ್ನು ತಡೆದಿದ್ದರು. ಕಾದ ಸಮಯ: ಎರಡು ಗಂಟೆ ಹತ್ತು ನಿಮಿಷ.

ಸಿಯಾಟಲ್ ಪಕ್ಕದ ಬಾಥೆಲ್‌ನ ಆಫೀಸಿನಲ್ಲಿ ಪರದೆ ನೋಡುತ್ತ ಚಂದ್ರಮೌಳಿ ಹಲ್ಲು ಕಡಿದ. ಪ್ಯಾಲೆಸ್ಟೀನಿನ ಆ ಚೆಕ್‌ಪೋಸ್ಟಿನಲ್ಲಿ ಮುಖ ಗುರುತಿಸುವ ಸಾಫ್ಟ್‌ವೇರ್ ಅವನ ಕಂಪನಿಯದು. ಯಂತ್ರಕ್ಕೆ ಗೊಂದಲವಾದ ಮುಖಗಳನ್ನು ಸರಿಪಡಿಸುವುದು ಅವನ ಕೆಲಸ. ಇಲ್ಲಿ ಸಂಜೆ ಆರಾದರೆ ಅಲ್ಲಿ ಬೆಳಗಿನ ಜಾವ ನಾಲ್ಕು. ಗಾರೆ ಕೆಲಸದ ಹಾತಿಮ್ ಬುತ್ತಿ ಹಿಡಿದು ಗೇಟಿಗೆ ಬರುವ ಹೊತ್ತು. ಇಲ್ಲಿ ಬೆಳಿಗ್ಗೆ ಏಳಾದರೆ, ಸುಣ್ಣ ಮೆತ್ತಿದ ಅದೇ ಮುಖ ಮನೆಗೆ ಮರಳುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಕೈಯಲ್ಲಿ ಪರವಾನಗಿಯಿದ್ದರೂ ಯಂತ್ರ ಬಿಡುತ್ತಿರಲಿಲ್ಲ. ದಿನಾ ಹೀಗೇ ತಡವಾದರೆ ಮೇಸ್ತ್ರಿ ಕೆಲಸದಿಂದ ತೆಗೆಯುವುದು ಖಂಡಿತ.

ಯಂತ್ರದ ತಕರಾರು ಒಂದೇ. ಈ ಮುಖಕ್ಕೆ ಎರಡು ದಾಖಲೆಗಳಿದ್ದವು: ಹಾತಿಮ್, ಕಾಸಿಂ. ತಂದೆಯ ಹೆಸರು ಒಂದೇ, ಹುಟ್ಟಿದ ದಿನವೂ ಒಂದೇ. ಕಾಸಿಂ ಹೆಸರಿನ ಮುಂದೆ ಮಾತ್ರ ಯಾವುದೋ ಹಳೆಯ ಕೆಂಪು ಗುರುತು.

ಈ ಪಾಡು ಪಟ್ಟವನೇ ಚಂದ್ರಮೌಳಿಯೂ. ಹಳೆಯ ಪಾಸ್‌ಪೋರ್ಟಿನಲ್ಲಿ ಬರೀ ಚಂದ್ರಮೌಳಿ, ಹೊಸದರಲ್ಲಿ ಅಪ್ಪ ಲಕ್ಷ್ಮೀಕಾಂತನ ಹೆಸರೂ ಸೇರಿ, ಇಬ್ಬರು ಬೇರೆ ಬೇರೆ ಆಸಾಮಿಗಳೆಂದು ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಕೂರಿಸಿದ್ದರು. “ಇಬ್ರಲ್ಲ ಸ್ವಾಮಿ, ನಾನೊಬ್ನೇ” ಎಂದು ಒಂದು ಬೆರಳೆತ್ತಿ ಗೋಗರೆದಿದ್ದ.

“ಎರಡೂ ಸೇರಿಸಿ ಒಂದೇ ದಾಖಲೆ ಮಾಡ್ತೀನಿ,” ಎಂದ, ತಂಡದ ಮುಖ್ಯಸ್ಥ, ಕರಾವಳಿ ಕಡೆಯ ಲಾರೆನ್ಸ್‌ಗೆ.

“ಒಮ್ಮೆ ಸೇರಿಸಿದ್ರೆ ಮತ್ತೆ ಬಿಡಿಸ್ಲಿಕ್ಕೆ ಆಗುದಿಲ್ಲ ಮಾರಾಯ. ನೋಡಿ ಮಾಡು.”

“ನೋಡೇ ಮಾಡ್ತಿರೋದು. ಇದು ನನ್ನದೇ ಕಥೆ.”

ಗುಂಡಿ ಒತ್ತಿದ.

ಮರುದಿನ ಹಾತಿಮ್ ಗೇಟಿನಲ್ಲಿ ನಿಂತದ್ದು ನಾಲ್ಕೇ ಸೆಕೆಂಡು. ಅದರ ಮರುದಿನವೂ ನಾಲ್ಕೇ. ಕಾದ ಸಮಯದ ಅಂಕಣ ಹಸಿರಾಯಿತು. ವಾರದ ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. ಆ ಖುಷಿಗೆ ಚಂದ್ರಮೌಳಿ ಕ್ರಾಸ್‌ರೋಡ್ಸ್ ಮಾಲ್‌ನಿಂದ ಹೆಂಡತಿ ಕೌಸಲ್ಯಾಗೆ ಜಿಲೇಬಿ ಒಯ್ದ.

“ಬೆಳಿಗ್ಗೆ ಎದ್ದ ಕೂಡ್ಲೆ ನಿಮ್ಮ ಹಾತಿಮ್ ಮುಖ ನೋಡ್ತಿದ್ರಿ. ಈಗ ನೋಡೋದೇ ಇಲ್ವಲ್ರೀ?” ಎಂದಳು ಅವಳು.

“ಬೆಳಿಗ್ಗೆ ಕಾಣಿಸ್ತಾನೇ ಇಲ್ಲ ಕಣೆ. ಬೇರೆ ಗೇಟಿಂದ ವಾಪಸ್ ಹೋಗ್ತಾನೆ ಅನ್ಸುತ್ತೆ.”

ಹತ್ತನೆಯ ದಿನ ಯಂತ್ರ ತಾನಾಗಿಯೇ ಒಂದು ದೂರು ಕಳಿಸಿತು: ಒಬ್ಬನೇ ವ್ಯಕ್ತಿ, ಒಂದೇ ಚಿತ್ರದಲ್ಲಿ ಎರಡು ಸಲ. ದೋಷ ಸರಿಪಡಿಸಿ.

ಅದುವರೆಗೆ ಮುಖದ ಚಿತ್ರವನ್ನಷ್ಟೇ ನೋಡುತ್ತಿದ್ದ ಚಂದ್ರಮೌಳಿ ಮೊದಲ ಬಾರಿಗೆ ವಿಡಿಯೋ ತೆರೆದ. ನಾಲ್ಕು ಸೆಕೆಂಡಿಗೆ ಕೆಂಪು ದೀಪ ಹತ್ತಿತು, ಗೇಟು ತೆರೆಯಲಿಲ್ಲ. ಹಿಂದಿನ ಒಂಬತ್ತು ದಿನದವನ್ನೂ ತೆರೆದ. ಒಂಬತ್ತರಲ್ಲೂ ಕೆಂಪು ದೀಪ, ಒಂಬತ್ತರಲ್ಲೂ ತುಂಬಿದ ಬುತ್ತಿಯೊಂದಿಗೆ ಹಿಂದಿರುಗುವ ಬೆನ್ನು. ಒಳಗೆ ಬಿಡಕೂಡದೆಂಬ ಕಾಸಿಂನ ಕೆಂಪು ಗುರುತು ಹಾತಿಮ್‌ಗೂ ಅಂಟಿತ್ತು. ಚಂದ್ರಮೌಳಿ ಹತ್ತನೆಯ ದಿನದ ಚಿತ್ರವನ್ನು ಮತ್ತೆ ದೊಡ್ಡದು ಮಾಡಿದ.

ಹಾತಿಮ್ ತನ್ನ ಅವಳಿ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕ್ಯಾಮೆರಾದ ಎದುರು ಎರಡು ಬೆರಳೆತ್ತಿ ಗೋಗರೆಯುತ್ತಿದ್ದ.